ಮೊಮ್ಮಗಳಿಗೆ ಕೇಳಿಸಿದ ಸದ್ದು

ನಮ್ಮಲ್ಲಿ ೨೦೦೬ರಲ್ಲಿ ಕೊಂಡ ಒಂದು ಮಾರುತಿ ೮೦೦ ಇದೆ. ಆ ಗಾಡಿಯ ತಯಾರಿಕೆ ೨೦೧೪ರಲ್ಲೇ ನಿಂತಿತು. “ಮಾರಿಬಿಡಿ” ಎಂದು ಮಕ್ಕಳು ಹೇಳುತ್ತಲೇ ಇದ್ದಾರೆ. ಹೊಸೂರಿನಿಂದ ಕೃಷ್ಣಗಿರಿಗೆ ವಸೂಲಿಗೆ ಹೋಗಿಬರಲು ನಮಗೆ ಅದೇ ಸಾಕು.

ಕಳೆದ ವರ್ಷ ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗಲೆಲ್ಲ ಮುಂಚಕ್ರದ ಕಡೆಯಿಂದ ‘ಟಕ ಟಕ’ ಎಂಬ ಸದ್ದು ಶುರುವಾಯಿತು. ನಮಗೆ ಅದೇ ಚಿಂತೆ. ಆ ದಿನಗಳಲ್ಲೇ ಮನೆಯವರನ್ನು ಕರೆದುಕೊಂಡು ಕೃಷ್ಣಗಿರಿಗೆ ಹೊರಟಿದ್ದೆವು. ಶೂಲಗಿರಿ ದಾಟಿದ ಮೇಲೆ ಇಳಿಜಾರು. ಹಿಂದೆ ಕೂತಿದ್ದ ಮೊಮ್ಮಗಳು, “ತಾತ, ಬ್ರೇಕ್ ಹಾಕಿದ್ರೆ ಚಕ್ರದಲ್ಲಿ ಇಲಿ ಕಿರುಚುತ್ತೆ” ಎಂದಳು. ನಮಗೆ ಏನೂ ಕೇಳಿಸಲಿಲ್ಲ. “ಸುಮ್ಮನೆ ಕೂತ್ಕೋ ಪುಟ್ಟಿ” ಎಂದೆವು. “ರೀ, ನನಗೂ ಕೇಳಿಸ್ತಿದೆ” ಎಂದರು ನಮ್ಮ ಮನೆಯವರು. “ಹಳೇ ಗಾಡಿ, ಒಂದಲ್ಲ ಒಂದು ಸದ್ದು ಇದ್ದೇ ಇರುತ್ತೆ” ಎಂದು ಮಾತು ಮುಗಿಸಿದೆವು. ಹೀಗೆಯೇ ಇನ್ನೂ ಎರಡು ಸಲ ಹೋಗಿಬಂದೆವು.

ಕೊನೆಗೆ ‘ಟಕ ಟಕ’ ತೋರಿಸಲು ನಮ್ಮ ಹಳೆಯ ಮೆಕ್ಯಾನಿಕ್ ಬಳಿ ಹೋದೆವು. ಅವನು ಬಾನೆಟ್ ಎತ್ತಲಿಲ್ಲ. “ಸೇಟು, ಸದ್ದು ಯಾವಾಗ ಬರ್ತದೆ? ನಿಂತಾಗಲಾ, ಓಡುವಾಗಲಾ? ತಿರುಗಿಸಿದಾಗಲಾ, ಬ್ರೇಕ್ ಹಾಕಿದಾಗಲಾ, ಗುಂಡಿಗೆ ಬಿದ್ದಾಗಲಾ?” ಎಂದು ಕೇಳಿದ. ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತದಂತೆ. ತಿರುಗಿಸಿದಾಗ ಟಕ ಟಕ ಎಂದರೆ ಚಕ್ರ ತಿರುಗಿಸುವ ಶಾಫ್ಟಿನ ಜಾಯಿಂಟು. ವೇಗ ಏರಿದಂತೆ ಗುಂಯ್‌ಗುಡುವಿಕೆಯೂ ಏರಿದರೆ ಚಕ್ರದ ಬೇರಿಂಗು. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಕೀಚಲು ಸದ್ದು ಬಂದರೆ ಸಾಮಾನ್ಯವಾಗಿ ಬೆಲ್ಟು.

ಆಮೇಲೆ ತಾನೇ ಗಾಡಿ ಓಡಿಸಿದ. ಕಿಟಕಿ ಇಳಿಸಿ, ರೇಡಿಯೋ ಆರಿಸಿ, ಸದ್ದು ಮರಳಿ ಬರಲೆಂದು ಒಂದು ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕದಲ್ಲೇ ನಡೆಸಿದ. ಒಮ್ಮೆ ಬ್ರೇಕ್ ಒತ್ತಿ ನಮ್ಮ ಮುಖ ನೋಡಿದ. “ಇದು ಕೇಳಿಸಲ್ವಾ ಸೇಟು?” ಎಂದ. ನಮಗೆ ನಿಜವಾಗಿಯೂ ಕೇಳಿಸಲಿಲ್ಲ.

ಚಕ್ರ ಬಿಚ್ಚಿ ತೋರಿಸಿದ. ಜಾಯಿಂಟಿನ ರಬ್ಬರ್ ಬೂಟು ಹರಿದು, ಗ್ರೀಸು ಸೋರಿ, ಮಣ್ಣು ಒಳಸೇರಿತ್ತು. ಅದೂ ಕೆಟ್ಟದ್ದೇ, ಬದಲಿಸಬೇಕಾದದ್ದೇ. ಆದರೆ ಬ್ರೇಕ್ ಪ್ಯಾಡ್ ಸವೆದು ಕಾಗದದಷ್ಟು ತೆಳುವಾಗಿ, ಹಿಂಬದಿಯ ಲೋಹ ಒಂದು ಅಂಚಿನಲ್ಲಿ ಡಿಸ್ಕನ್ನೇ ಉಜ್ಜುತ್ತಿತ್ತು. “ಈ ಬ್ರೇಕಿನಲ್ಲಿ ಇಳಿಜಾರು ಇಳಿದಿದ್ದೀರಾ?” ಎಂದ. ಬಾಯಲ್ಲಿ ಮಾತು ಹೊರಡಲಿಲ್ಲ. ಮೂರು ಸಲ, ಮೂರು ಜೀವಗಳನ್ನು ಕೂರಿಸಿಕೊಂಡು ಇಳಿದಿದ್ದೆವು.

ಮರುವಾರ ಕಿವಿಯ ಡಾಕ್ಟರರನ್ನು ಕಂಡೆವು. ವಯಸ್ಸಾದಂತೆ ಮೊದಲು ಕೀಚಲು ಸದ್ದುಗಳೇ ಕೇಳಿಸದಾಗುತ್ತವೆ, ಮಾತು ಕೇಳಿಸುತ್ತಲೇ ಇರುವುದರಿಂದ ನಮಗೆ ಕೊರತೆ ಗೊತ್ತಾಗುವುದಿಲ್ಲ ಎಂದರು. ಗಾಡಿಯ ರಿಪೇರಿ ಮುಗಿಯಿತು. ಕಿವಿಗೆ ಯಂತ್ರ ಬಂತು.

ನಲವತ್ತು ವರ್ಷ ಅಂಗಡಿ ನಡೆಸಿದವರು ನಾವು. ಲೆಕ್ಕದಲ್ಲಿ ತಪ್ಪಿದೆ ಎಂದು ಗುಮಾಸ್ತ ಹೇಳಿದರೆ ಖಾತೆಯನ್ನು ಮತ್ತೊಮ್ಮೆ ಕೂಡಿ ನೋಡುತ್ತೇವೆ. ಮನೆಯ ಹೆಂಗಸು, ಮಗು ಹೇಳಿದರೆ ಮಾತ್ರ ‘ನಮಗೆ ಕೇಳಿಸಲಿಲ್ಲ, ಆದ್ದರಿಂದ ಇಲ್ಲ’ ಎಂದುಬಿಟ್ಟೆವು.

ಈಗ ಹೊರಡುವ ಮುಂಚೆ ಬೀದಿಯಲ್ಲಿ ಒಂದು ಸುತ್ತು ಹೊಡೆದು ಬ್ರೇಕ್ ಒತ್ತಿ, “ಏನಾದ್ರೂ ಕೇಳಿಸ್ತಾ ಪುಟ್ಟಿ?” ಎನ್ನುತ್ತೇವೆ. ಅವಳು “ಇಲ್ಲ ತಾತ” ಎಂದ ಮೇಲೆಯೇ ಗಾಡಿ ಹೆದ್ದಾರಿಗೆ.