ಒತ್ತಕ್ಷರ ನುಂಗಿದ ಡೆಸ್ಕ್‌ಟಾಪ್

ಮೂರನೇ ಸೆಮಿಸ್ಟರಿನಲ್ಲಿ ನಮ್ಮ ಹಾಸ್ಟೆಲಿನ ಎರಡನೇ ಮಹಡಿಗೆ ಒಂದು ಹುಚ್ಚು ಹಿಡಿದಿತ್ತು. ಯಾರ ರೂಮಿಗೆ ಹೋದರೂ "ಮಗಾ, ನನ್ನ ಡೆಸ್ಕ್‌ಟಾಪ್ ನೋಡಿದ್ಯಾ?" ಅನ್ನೋದೇ ಮೊದಲ ಮಾತು. ಒಬ್ಬ ತನ್ನ ವಿಂಡೋಸಿಗೆ ರೇನ್‌ಮೀಟರ್ ಹಾಕಿಕೊಂಡು ಪರದೆಯ ಮಧ್ಯೆ ದೊಡ್ಡ ಗಡಿಯಾರ ಕೂರಿಸಿದ್ದರೆ, ಇನ್ನೊಬ್ಬ ಕೆಡಿಇ ಹಾಕಿ ಕಿಟಕಿಗಳೆಲ್ಲ ಜೆಲ್ಲಿಯ ಹಾಗೆ ಅಲುಗಾಡುವಂತೆ ಮಾಡಿದ್ದ. ನಾವು ಮೂವರು, ಅಂದರೆ ಒಂದೇ ರೂಮಿನ ಮೂರು ಮಂಚದವರು, ಯಾರಿಗೂ ಕಡಿಮೆ ಇರಲಿಲ್ಲ. ಕಪ್ಪು ಹಿನ್ನೆಲೆ, ಪಾರದರ್ಶಕ ಟರ್ಮಿನಲ್, ಬಲಗಡೆ ಕಾಂಕಿ ಹಾಕಿ ಸಿಪಿಯು ಎಷ್ಟು, ರ‍್ಯಾಮ್ ಎಷ್ಟು ಅಂತ ಹಸಿರು ಅಕ್ಷರದಲ್ಲಿ ಓಡುವ ಲೆಕ್ಕ. ಆ ಲೆಕ್ಕ ನಮಗೆ ಯಾವತ್ತೂ ಬೇಕಾಗಿರಲಿಲ್ಲ ಅನ್ನೋದು ಬೇರೆ ಮಾತು. ಸ್ಕ್ರೀನ್‌ಶಾಟ್ ಸ್ಟೇಟಸ್‌ಗೆ ಹೋಗಬೇಕಿತ್ತು, ಅಷ್ಟೇ.

ಲಿನಕ್ಸಿನಲ್ಲಿ ಈ ಆಟ ಇಷ್ಟು ಸಲೀಸಾಗಿರೋದಕ್ಕೆ ಕಾರಣ ಇದೆ. 1984ರಲ್ಲಿ ಎಂಐಟಿಯಲ್ಲಿ ಶುರುವಾದ ಎಕ್ಸ್ ವಿಂಡೋ ವ್ಯವಸ್ಥೆ, ಪರದೆಯ ಮೇಲೆ ಬಿಡಿಸುವ ಕೆಲಸವನ್ನು ತಾನು ಇಟ್ಟುಕೊಂಡು, ಕಿಟಕಿಯ ಚೌಕಟ್ಟು ಹೇಗಿರಬೇಕು, ಗುಂಡಿ ಎಲ್ಲಿರಬೇಕು ಅನ್ನೋದನ್ನು ವಿಂಡೋ ಮ್ಯಾನೇಜರ್ ಎಂಬ ಬೇರೆ ಪ್ರೋಗ್ರಾಮಿಗೆ ಬಿಟ್ಟುಕೊಟ್ಟಿತು. ಆಮೇಲೆ ಬಂದ ಎಷ್ಟೋ ಡೆಸ್ಕ್‌ಟಾಪ್‌ಗಳು ಅದರ ಮೇಲೆ ತೊಡಿಸಿದ ಬಟ್ಟೆ ಇದ್ದಹಾಗೆ. ಒಂದು ರಾತ್ರಿ ಏನೋ ತಿದ್ದಲು ಹೋಗಿ ಪರದೆ ಪೂರ್ತಿ ಕಪ್ಪಾಯಿತು, ಬೆಳಿಗ್ಗೆ ಲ್ಯಾಬ್ ಇಂಟರ್ನಲ್ಸ್. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಬರೀ ಅಕ್ಷರದ ಪರದೆಗೆ ಹೋಗಿ, ಹೋಮ್ ಫೋಲ್ಡರಿನ ಡಾಟ್ ಕಾನ್ಫಿಗ್ ಅನ್ನೋದರ ಹೆಸರು ಬದಲಿಸಿ, ರೀಬೂಟ್ ಮಾಡಿದ್ವಿ. ಬಟ್ಟೆ ಹೋಗಿತ್ತು, ಮೈ ಹಾಗೇ ಇತ್ತು. ಪ್ರೋಗ್ರಾಮುಗಳೆಲ್ಲ ಜೋಪಾನ. ಅವತ್ತಿನಿಂದ ನಮ್ಮ ಧೈರ್ಯ ಇನ್ನೂ ಹೆಚ್ಚಾಯಿತು.

ಆ ಧೈರ್ಯದಲ್ಲೇ ಒಂದು ತಪ್ಪು ಮಾಡಿದ್ವಿ.

ನಮ್ಮಲ್ಲೊಬ್ಬ ಹಾವೇರಿ ಕಡೆಯವನು. ಅವನ ಅವ್ವ ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರು. ವಾರ ವಾರ ಯಾರು ಎಷ್ಟು ಉಳಿತಾಯ ಕಟ್ಟಿದರು, ಯಾರ ಸಾಲ ಎಷ್ಟು ತೀರಿತು, ಬಡ್ಡಿ ಎಷ್ಟು, ಎಲ್ಲ ಉದ್ದನೆಯ ಪುಸ್ತಕದಲ್ಲಿ. ಕೂಡಿಸೋದು ತಪ್ಪಿದರೆ ರಾತ್ರಿ ಊಟ ಬಿಟ್ಟು ಕೂರುತ್ತಿದ್ದರಂತೆ. ಇವನು ಹೊಸ ಲ್ಯಾಪ್‌ಟಾಪ್ ತಗೊಂಡಾಗ ಹಳೇದನ್ನು ಅವ್ವನಿಗೆ ಕೊಡೋದು ಅಂತ ಆಯಿತು. 4 ಜಿಬಿ ರ‍್ಯಾಮಿನ ಯಂತ್ರ, ಅದಕ್ಕೆ ಹಗುರಾದ ಮಾಟೆ ಡೆಸ್ಕ್‌ಟಾಪ್ ಇರುವ ಲಿನಕ್ಸ್ ಮಿಂಟ್. ಮಾಟೆ ಅಂದರೆ ಹಳೆಯ ಗ್ನೋಮ್ 2ರ ಮುಂದುವರಿಕೆ, ಕನ್ನಡದ ಮೆನುಗಳೂ ಅಲ್ಲಿಂದಲೇ ಬಂದಿವೆ. ಭಾಷೆ ಕನ್ನಡಕ್ಕೆ ಬದಲಿಸಿ, ಲಿಬ್ರೆ ಆಫೀಸಿನಲ್ಲಿ ಸದಸ್ಯರ ಹೆಸರೆಲ್ಲ ಟೈಪ್ ಮಾಡಿ, ಬಡ್ಡಿಗೆ ಸೂತ್ರ ಹಾಕಿ ಹಾಳೆ ತಯಾರು ಮಾಡಿದ. ಅವ್ವ ಅಂಕಿ ತುಂಬಿದರೆ ಸಾಕು. ಉಳಿದ ಇಬ್ಬರು ಸುಮ್ಮನಿರ್ತೀವಾ? ನಮ್ಮ ಕಪ್ಪು ಥೀಮ್, ಕೆಳಗೆ ಹೆಸರಿಲ್ಲದ ಐಕಾನುಗಳ ಡಾಕ್, ಮೇಲೆ ಬೆರಳಿನಷ್ಟು ತೆಳ್ಳಗಿನ ಪಟ್ಟಿ, ಎಲ್ಲ ಹಾಕಿ "ಗಿಫ್ಟ್" ಅಂತ ಕಳಿಸಿದ್ವಿ.

ಎರಡು ವಾರದ ನಂತರ ಅವ್ವನ ಫೋನು. ಸ್ಪೀಕರಿನಲ್ಲಿತ್ತು, ಹಾಗಾಗಿ ನಾವೂ ಕೇಳಿಸಿಕೊಂಡೆವು. ಸಂಘದ ಸಭೆಗೆ ಹೆಂಗಸರೆಲ್ಲ ಕಂಪ್ಯೂಟರ್ ನೋಡೋಕೆ ಅಂತಲೇ ಬಂದಿದ್ದರು. ಅವ್ವ ತೆರೆದು ಕೂತಿದ್ದಾರೆ, ಎಲ್ಲಿ ಒತ್ತಬೇಕು ಅಂತ ತಿಳಿದಿಲ್ಲ. ಕೊನೆಗೆ ಮುಚ್ಚಿಟ್ಟು ಪುಸ್ತಕವನ್ನೇ ತೆಗೆದಿದ್ದಾರೆ. "ಅಷ್ಟ್ ಮಂದಿ ಮುಂದ ನಾಚಿಕಿ ಬಂತು ನೋಡಪಾ. ನನಗ ಇದೆಲ್ಲ ಬರೂದಿಲ್ಲ, ಬಿಡು. ನಾಲ್ಕನೇತ್ತ ಓದಿದಾಕಿ ನಾನು."

ಇವನು "ಕನ್ನಡದಾಗ ಐತಲ್ಲಬೇ, ಓದಿ ಒತ್ತಬೇಕ" ಅಂದ. ಆ ಕಡೆಯಿಂದ ಉತ್ತರ ಬರಲಿಲ್ಲ. ಫೋನು ಇಟ್ಟ ಮೇಲೆ ನಮ್ಮ ರೂಮಿನಲ್ಲೂ ಯಾರೂ ಮಾತಾಡಲಿಲ್ಲ. ಬರೋದಿಲ್ಲ ಅಂದಿದ್ದು ಅವರು, ಆದರೆ ಏನೋ ಬಾರದೇ ಇದ್ದದ್ದು ನಮಗೆ ಅನ್ನೋದು ಅರ್ಥವಾಗಿತ್ತು.

ದಸರಾ ರಜೆಗೆ ಮೂವರೂ ಅವನ ಊರಿಗೆ ಹೋದ್ವಿ. ರೊಟ್ಟಿ, ಎಣ್ಣೆಗಾಯಿ ಆದ ಮೇಲೆ ಅವ್ವನನ್ನೇ ಲ್ಯಾಪ್‌ಟಾಪ್ ಮುಂದೆ ಕೂರಿಸಿ, ನಾವು ಕೈ ಹಾಕದೆ ಹಿಂದೆ ನಿಂತೆವು. ಅವರು ಕನ್ನಡಕ ಹಾಕಿಕೊಂಡು, ಪಟ್ಟಿಯ ಮೇಲೆ ಬೆರಳಿಟ್ಟು ನಿಧಾನ ಓದಿದರು: "ಲೆಕ... ಲೆಕ ಅಂದ್ರ ಏನಪಾ?"

ಬಗ್ಗಿ ನೋಡಿದ್ವಿ. ನಾವು ಫೈಲಿಗೆ ಇಟ್ಟಿದ್ದ ಹೆಸರು "ಲೆಕ್ಕ". ತೆಳ್ಳಗಿರಲಿ ಅಂತ ಪಟ್ಟಿಯ ಎತ್ತರ ಇಳಿಸಿದ್ದೆವಲ್ಲ, ಕೆಳಗಿನ ಒತ್ತು ಕತ್ತರಿಸಿ ಹೋಗಿತ್ತು. "ಸಿದ್ಧತೆ" ಅನ್ನೋದು "ಸಿದತೆ" ಆಗಿತ್ತು. ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿ ಅದು. ಇಂಗ್ಲಿಷ್ ಅಕ್ಷರಕ್ಕೆ ಗೆರೆಯ ಕೆಳಗೆ ಸ್ವಲ್ಪ ಜಾಗ ಸಾಕು, ನಮ್ಮ ಒತ್ತಕ್ಷರಕ್ಕೆ ಒಂದು ಅಂತಸ್ತೇ ಬೇಕು. ಇಷ್ಟು ದಿನ ಅದೇ ಪರದೆ ನಮ್ಮ ಕಣ್ಣ ಮುಂದೆ ಇದ್ದರೂ ಕಂಡಿರಲಿಲ್ಲ, ಯಾಕಂದ್ರೆ ನಾವು ಮೆನು ಓದೋದೇ ಇಲ್ಲ. ಯಾವುದು ಎಲ್ಲಿದೆ ಅಂತ ಕೈಗೇ ಗೊತ್ತಿರುತ್ತೆ. ಓದಿ ಒತ್ತುವವರು ಅವ್ವ ಒಬ್ಬರೇ.

ಆಮೇಲೆ ಅವರು ಹೇಳಿದ ಹಾಗೆ ಮಾಡುತ್ತಾ ಹೋದ್ವಿ. ಪಟ್ಟಿ ದಪ್ಪ ಆಯಿತು. ಅಕ್ಷರದ ಡಿಪಿಐ 96ರಿಂದ 120ಕ್ಕೆ ಏರಿತು, ನೋಟೋ ಸಾನ್ಸ್ ಕನ್ನಡ ಫಾಂಟ್ ಬಂತು. ಕಪ್ಪು ಥೀಮ್ ತೆಗೆಸಿದರು: "ದೀಪ ಆರಿದ ಮನಿ ಇದ್ದಂಗ ಐತಿ." ಕಾಂಕಿ ಯಾಕೆ ಅಂತ ಕೇಳಿದರು, ಉತ್ತರ ಹೊಳೆಯದೆ ಅದನ್ನೂ ತೆಗೆದೆವು. ಡಾಕ್ ಹೋಗಿ, ಡೆಸ್ಕ್‌ಟಾಪ್ ಮೇಲೆ ನಾಲ್ಕೇ ಐಕಾನ್ ಉಳಿದವು, ಕೆಳಗೆ ಹೆಸರಿನ ಸಮೇತ. ಲಾಂಚರ್ ಅನ್ನೋದು ಒಂದು ಸಣ್ಣ ಟೆಕ್ಸ್ಟ್ ಫೈಲ್. ಅದರ ನೇಮ್ ಸಾಲಿನಲ್ಲಿ ಏನು ಬರೆದರೂ ಅದೇ ಹೆಸರು, ಐಕಾನ್ ಸಾಲಿನಲ್ಲಿ ಯಾವ ಚಿತ್ರ ಕೊಟ್ಟರೂ ಅದೇ ಮುಖ. ಅವರ ಲೆಕ್ಕದ ಪುಸ್ತಕದ ರಟ್ಟನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಐಕಾನ್ ಮಾಡಿದ್ವಿ, "ಸಂಘದ ಲೆಕ್ಕ" ಅಂತ ಹೆಸರಿಟ್ಟೆವು. ಅದನ್ನು ನೋಡಿ ಅವರು ಕೇಳದೆಯೇ ಎರಡು ಸಲ ಒತ್ತಿದರು. ಹಾಳೆ ತೆರೆಯಿತು. ಒಬ್ಬರ ಹೆಸರಿನ ಮುಂದೆ 50 ಅಂತ ತುಂಬಿದರು, ಕೆಳಗಿನ ಒಟ್ಟು ಮೊತ್ತ ತಾನಾಗಿ ಬದಲಾಯಿತು. ಪಕ್ಕದ ಪುಸ್ತಕದಲ್ಲಿ ಬೆರಳು ಮಡಚಿ ಕೂಡಿಸಿ ನೋಡಿ, "ಬರೋಬ್ಬರಿ ಐತಿ" ಅಂದರು.

ಇಷ್ಟೂ ಕೆಲಸಕ್ಕೆ ಹಿಡಿದದ್ದು ಒಂದು ಮಧ್ಯಾಹ್ನ. ನಮ್ಮ ಕಪ್ಪು ಥೀಮಿಗೆ ಎಷ್ಟು ರಾತ್ರಿ ಹೋಗಿದ್ದವೋ ಲೆಕ್ಕವಿಲ್ಲ.

ನಮ್ಮ ಲ್ಯಾಪ್‌ಟಾಪ್‌ಗಳು ಇವತ್ತಿಗೂ ಕಪ್ಪಗೇ ಇವೆ, ಸುಳ್ಳು ಯಾಕೆ ಹೇಳೋದು. ಅದರಲ್ಲಿ ತಪ್ಪೂ ಕಾಣೋದಿಲ್ಲ, ಅದು ನಮ್ಮ ಆಟ. ಆದರೆ ಬೇರೆಯವರ ಪರದೆಗೆ ಕೈ ಹಾಕುವ ಮೊದಲು ಅವರನ್ನು ಮುಂದೆ ಕೂರಿಸಿ, ನಾವು ಕೈ ಕಟ್ಟಿಕೊಂಡು ಹಿಂದೆ ನಿಲ್ಲೋದು ಅಂತ ಮಾಡಿಕೊಂಡಿದ್ದೇವೆ. ನಿಮ್ಮಲ್ಲೂ ಹಳೇ ಲ್ಯಾಪ್‌ಟಾಪ್ ಮನೆಗೆ ಕಳಿಸುವವರು ಇದ್ದೀರಿ. ಈ ರಜೆಯಲ್ಲಿ ಒಮ್ಮೆ ಹಾಗೆ ಹಿಂದೆ ನಿಂತು ನೋಡಿ.

ಮೊನ್ನೆ ಅವನ ತಂಗಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದಳು. ಅವ್ವ ನಾವು ಹಾಕಿದ್ದ ತಿಳಿ ನೀಲಿ ಹಿನ್ನೆಲೆ ತೆಗೆದು ಸಂಘದವರೆಲ್ಲ ಸಾಲಾಗಿ ನಿಂತ ಫೋಟೋ ಹಾಕಿಕೊಂಡಿದ್ದಾರೆ. ಯಾರ ಮುಖವೂ ಮುಚ್ಚದ ಹಾಗೆ ನಾಲ್ಕು ಐಕಾನನ್ನೂ ಒಂದು ಮೂಲೆಗೆ ಸರಿಸಿದ್ದಾರೆ, ಯಾರೂ ಹೇಳಿಕೊಟ್ಟಿಲ್ಲವಂತೆ. ನಮ್ಮ ಮಹಡಿಯ ಹುಚ್ಚು ಅಲ್ಲಿಗೂ ಹಬ್ಬಿದೆ ಅಂತ ಕಾಣುತ್ತೆ.