ಯಾದಿಯಲ್ಲಿ ಸೇರದ ಮಾತು

ಕಳೆದ ವರ್ಷದ ಶ್ರಾವಣದಲ್ಲಿ ನಮ್ಮ ವಿಭಾಗದ ಕೋಣೆಯಲ್ಲಿ ಒಂದು ಸಂದರ್ಶನ ನಡೆಯಿತು. ಸಂದರ್ಶನಕ್ಕೆ ಕುಳಿತವಳು ಇದೇ ವಿಭಾಗದಲ್ಲಿ ಐಚ್ಛಿಕ ಕನ್ನಡ ಓದಿ, ಮುಂದೆ ಎಂ.ಎ. ಮುಗಿಸಿದ ಹಳೆಯ ವಿದ್ಯಾರ್ಥಿನಿ. ಬೆಂಗಳೂರಿನ ಒಂದು ಕಂಪನಿಗೆ ಕನ್ನಡ, ಮರಾಠಿ ಎರಡೂ ಬಲ್ಲವರು ಬೇಕಾಗಿದ್ದರು. ಅಕ್ಕಲಕೋಟೆ ತಾಲೂಕಿನ ಅವಳ ಹಳ್ಳಿಯಲ್ಲಿ ವಿಡಿಯೋ ಕರೆ ನಡುನಡುವೆ ಕಡಿದುಹೋಗುತ್ತದೆ. ಆದ್ದರಿಂದ ಸೋಲಾಪುರಕ್ಕೆ ಬಂದು ಕಾಲೇಜಿನ ವೈಫೈ ಆಶ್ರಯಿಸಿದ್ದಳು. ನಾನು ಮೂಲೆಯ ಮೇಜಿನಲ್ಲಿ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ತಿದ್ದುತ್ತಿದ್ದೆನೆಂಬುದು ಅರ್ಧಸತ್ಯ. ಕಿವಿಯೆಲ್ಲ ಅತ್ತಲೇ ಇತ್ತು.

ಪರದೆಯ ಮೇಲೆ ಮೂರು ಚೌಕಗಳಿದ್ದವು. ಒಂದರಲ್ಲಿ ನಮ್ಮ ಹುಡುಗಿ, ಒಂದರಲ್ಲಿ ರಿಕ್ರೂಟರ್ ಹೆಣ್ಣುಮಗಳು. ಮೂರನೆಯದರಲ್ಲಿ ಮುಖವಿರಲಿಲ್ಲ, ‘ನೋಟ್‌ಟೇಕರ್’ ಎಂಬ ಹೆಸರು ಮಾತ್ರವಿತ್ತು. ರಿಕ್ರೂಟರ್ ಸಭ್ಯಳು. “ನಾನು ಬರ್ಕೊಳ್ತಾ ಕೂತ್ರೆ ನಿಮ್ಮ ಮಾತು ಸರಿಯಾಗಿ ಕೇಳಕ್ಕಾಗಲ್ಲ, ಅದಕ್ಕೆ ಎಐ ಇಟ್ಕೊಂಡಿದೀನಿ, ಪರವಾಗಿಲ್ವಾ?” ಎಂದು ಮೊದಲೇ ಕೇಳಿದಳು. “ಅಡ್ಡಿ ಇಲ್ರಿ ಮೇಡಂ” ಎಂದಳು ನಮ್ಮವಳು.

ಮಾತುಕತೆ ಅರ್ಧ ಗಂಟೆ ನಡೆಯಿತು. ಚೆನ್ನಾಗಿಯೇ ನಡೆಯಿತು. ಕೊನೆಗೆ ಬೆಂಗಳೂರಿಗೆ ಬಂದು ನೆಲೆಸಲು ಸಾಧ್ಯವೇ ಎಂಬ ಪ್ರಶ್ನೆ ಬಂತು. ಹುಡುಗಿ ಸುಮ್ಮನಾದಳು. ಫ್ಯಾನಿನ ಸದ್ದಷ್ಟೇ ಕೇಳುತ್ತಿತ್ತು. ಆಮೇಲೆ, “ನಮ್ಮಪ್ಪಗ ಡಯಾಲಿಸಿಸ್ ನಡದದ್ರಿ, ವಾರಕ್ಕ ಎರಡ ಸಲ ಸೋಲಾಪುರಕ್ಕ ಕರಕೊಂಡ ಬರಬೇಕಾಗ್ತದ. ನೋಡೂಣ್ರಿ, ಮನ್ಯಾಗ ಕೇಳಿ ಹದಿನೈದ ದಿನದಾಗ ಹೇಳ್ತೀನಿ” ಎಂದಳು. ಇನ್ನೆರಡು ಮಾತುಗಳಾದ ಮೇಲೆ ಕೈಮುಗಿದು, “ಆತ್ರಿ ಮೇಡಂ, ಹಂಗಾದ್ರ ನಾ ಬರ್ತೀನ್ರಿ” ಎಂದು ಕರೆ ಮುಗಿಸಿದಳು.

ಬಸ್ಸಿಗೆ ಹೊರಡುವ ಮೊದಲೇ ಅವಳ ಮೊಬೈಲಿಗೆ ಇಡೀ ಮಾತುಕತೆಯ ಸಾರಾಂಶ ಬಂದು ತಲುಪಿತ್ತು. ಅಚ್ಚುಕಟ್ಟಾದ ಇಂಗ್ಲಿಷು, ಶಿಕ್ಷಣ, ಭಾಷೆಗಳು, ನಿರೀಕ್ಷಿತ ವೇತನ, ಹೀಗೆ ಒಂದೊಂದಕ್ಕೂ ತಲೆಬರಹ. ಓದಿ ಅವಳಿಗೆ ನಗು. “ಸರ್, ನಾ ಇಷ್ಟ ಚಂದ ಮಾತಾಡೀನೇನ್ರಿ?” ನಾನೂ ಓದಿದೆ. ಕೊನೆಯ ಎರಡು ಸಾಲುಗಳಲ್ಲಿ ಕಣ್ಣು ನಿಂತಿತು. ಅಭ್ಯರ್ಥಿ ಬೆಂಗಳೂರಿಗೆ ಬರುವುದಾಗಿ ಖಚಿತಪಡಿಸಿದ್ದಾಳೆ. 15 ದಿನಗಳಲ್ಲಿ ಕೆಲಸಕ್ಕೆ ಸೇರಬಲ್ಲಳು. ತಂದೆಯ ಮಾತು ಎಲ್ಲಿಯೂ ಇರಲಿಲ್ಲ.

ಆದದ್ದೇನೆಂದು ನಿಮಗೆ ವಿವರಿಸಬೇಕಾಗಿಲ್ಲ. ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನುವುದು ಅಶುಭವೆಂದು ನಾವು ‘ಬರುತ್ತೇನೆ’ ಎನ್ನುತ್ತೇವೆ. ಮರಾಠಿಯವರ ‘ಯೇತೋ’, ‘ಯೇತೇ’ಗಳೂ ಇದೇ. ಎರಡು ಭಾಷೆಗಳಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಯಾರೂ ಕಲಿಸುವುದಿಲ್ಲ. ಯಂತ್ರವು ವಿದಾಯದ ಮಾತನ್ನು ವಚನವೆಂದು ಬರೆದುಕೊಂಡಿತ್ತು. ಉತ್ತರ ಹೇಳಲು ಕೇಳಿಕೊಂಡ ಹದಿನೈದು ದಿನ ಕೆಲಸಕ್ಕೆ ಸೇರುವ ಅವಧಿಯಾಗಿತ್ತು.

“ತಿದ್ದಿ ಕಳಸ್ಲೇನ್ರಿ ಸರ್?” ಎಂದು ಅವಳು ಕೇಳಿದಳು. ನಾನು, “ಬಿಡವಾ, ಯಂತ್ರ ಬರದದ್ದು. ಆ ಮೇಡಂ ತಾವs ಕೇಳ್ಯಾರಲ್ಲ, ಅವರಿಗೆ ನೆನಪಿರ್ತದ” ಎಂದೆ. ಹಾಗೆ ಹೇಳಲು ನನಗೆ ಎಲ್ಲರಿಗಿಂತ ಕಡಿಮೆ ಅಧಿಕಾರವಿತ್ತು. ಅದೇಕೆಂಬುದನ್ನು ಹೇಳುತ್ತೇನೆ.

ನನ್ನ ಪ್ರಾಥಮಿಕ ಶಿಕ್ಷಣ ಹಳ್ಳಿಯ ಕನ್ನಡ ಶಾಲೆಯಲ್ಲಾಯಿತು, ಹೈಸ್ಕೂಲು ಮರಾಠಿಯಲ್ಲಿ. ಎರಡೂ ಲಿಪಿಗಳಲ್ಲಿ ಅಕ್ಷರ ದುಂಡಗಿದ್ದುದರಿಂದ ಊರಿನ ಅರ್ಜಿ, ಪತ್ರಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದವು. ನಮ್ಮ ಭಾಗದಲ್ಲಿ ಮದುವೆ ಗೊತ್ತುಮಾಡುವಾಗ ‘ಯಾದಿ’ ಮಾಡುವ ಪದ್ಧತಿ ನಿಮಗೆ ಗೊತ್ತಿದೆ: ಊಟದ ಖರ್ಚು ಯಾರದು, ಸೀರೆ ಎಷ್ಟು, ಬಂಗಾರವೆಷ್ಟು, ಮದುವೆ ಎಲ್ಲಿ ಎಂಬುದನ್ನೆಲ್ಲ ಹಿರಿಯರ ಮುಂದೆ ಬರೆದು, ಓದಿ, ಕಾಗದಕ್ಕೆ ಅರಿಸಿನ ಕುಂಕುಮ ಹಚ್ಚುತ್ತಾರೆ. ನನ್ನ ಅಕ್ಕನ ಯಾದಿ ಆದಾಗ ನಾನು ಹತ್ತನೆಯ ಇಯತ್ತೆಯಲ್ಲಿದ್ದೆ. ಗಂಡಿನವರು ಪಂಢರಪುರದ ಕಡೆಯವರು, ಮನೆಮಾತು ಮರಾಠಿ. ಎರಡೂ ಕಡೆಗೆ ತಿಳಿಯುವಂತೆ ಬರೆಯಲು ನನ್ನನ್ನು ಕೂರಿಸಿದರು. ಜಮಖಾನದ ಮೇಲೆ ಅಷ್ಟು ಜನ ಹಿರಿಯರ ನಡುವೆ ಪೆನ್ನು ಹಿಡಿದು ಕುಳಿತ ಗರ್ವ ನನಗೆ ಇಂದಿಗೂ ನೆನಪಿದೆ.

ವರನಿಗೆ ಎರಡು ತೊಲೆ ಬಂಗಾರದ ಮಾತು ಬಂದಾಗ ನಮ್ಮಪ್ಪ ತಲೆ ತಗ್ಗಿಸಿ ತುಸು ಹೊತ್ತು ಕುಳಿತರು. “ಆತು, ನೋಡೂಣ್ರಿ” ಎಂದರು. ಆಚೆ ಕಡೆಯ ಹಿರಿಯರು “ಝಾಲಂ ತರ ಮಗ” ಎಂದು ಮುಂದಿನ ವಿಷಯಕ್ಕೆ ಹೋದರು. ನಾನು ಬರೆದೆ: ವರನಿಗೆ ಸೋನೆ, ಎರಡು ತೊಲೆ.

‘ನೋಡೂಣ’ ಎಂದರೇನೆಂದು ನನಗೆ ತಿಳಿದಿರಲಿಲ್ಲವೇ? ಚೆನ್ನಾಗಿ ತಿಳಿದಿತ್ತು. ಜಾತ್ರೆಯಲ್ಲಿ ಸೈಕಲ್ ಕೇಳಿದಾಗಲೆಲ್ಲ ಅಪ್ಪ ಹೇಳುತ್ತಿದ್ದುದು ಅದನ್ನೇ. ಮರಾಠಿಯ ‘ಬಘೂ’ ಕೂಡ ಅದೇ. ಆದರೆ ಯಾದಿಯಲ್ಲಿ ಎಡಕ್ಕೆ ಅಂಕಿ, ನಡುವೆ ವಸ್ತು, ಬಲಕ್ಕೆ ಪ್ರಮಾಣ. ‘ನೋಡೂಣ’ ಎಂಬುದನ್ನು ಆ ಮೂರರಲ್ಲಿ ಎಲ್ಲಿ ಬರೆಯುವುದು? ಸಾಲನ್ನು ಖಾಲಿ ಬಿಟ್ಟರೆ ಕಾಗದ ಕೆಟ್ಟು ಕಾಣುತ್ತಿತ್ತು. ಕೊನೆಗೆ ಗಟ್ಟಿಯಾಗಿ ಓದಿದರು. ಆ ಸಾಲು ಬಂದಾಗ ಅಪ್ಪ ಒಮ್ಮೆ ನನ್ನ ಕಡೆ ನೋಡಿದರು, ಏನೂ ಅನ್ನಲಿಲ್ಲ. ಕುಂಕುಮದ ಬಟ್ಟಲು ಆಗಲೇ ಮುಂದೆ ಬಂದಿತ್ತು. ಆ ಸುಗ್ಗಿಯ ಮುಂಚೆ ಹೈನದ ಎಮ್ಮೆಯನ್ನು ಮಾರಿದರು. ಅದಕ್ಕೂ ಯಾದಿಗೂ ಸಂಬಂಧವಿದೆಯೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಅವ್ವ ಬೇರೇನೋ ಮಾತಿಗೆ, “ನಿಮ್ಮಪ್ಪ ಅವತ್ತ ಹೂಂ ಅಂದಿರಲಿಲ್ಲೋ” ಎಂದಳು.

ಈ ಎಐ ಟಿಪ್ಪಣಿಕಾರರ ಕೆಲಸವೂ ಯಾದಿಯದೇ. ಒಟರ್, ಫೈರ್‌ಫ್ಲೈಸ್ ಮೊದಲಾದವು ಎಲ್ಲ ಬಗೆಯ ಸಭೆಗಳಿಗೆ. ಮೆಟಾವ್ಯೂನಂಥವು ನೇಮಕಾತಿಯವರಿಗೆಂದೇ ಸಿದ್ಧವಾದವು. ಗೂಗಲ್ ಮೀಟ್, ಝೂಮ್, ಟೀಮ್ಸ್‌ಗಳೊಳಗೂ ಈಗ ಇಂಥ ಸೌಲಭ್ಯ ಸೇರಿಕೊಂಡಿದೆ. ಮೊದಲು ಧ್ವನಿಯನ್ನು ಅಕ್ಷರಕ್ಕೆ ಇಳಿಸುತ್ತವೆ, ಯಾವ ಮಾತು ಯಾರದೆಂದು ಬೇರ್ಪಡಿಸುತ್ತವೆ. ಬಳಿಕ ಭಾಷಾ ಮಾದರಿಯೊಂದು ಆ ಪಠ್ಯವನ್ನು ಓದಿ, ರಿಕ್ರೂಟರ್ ಮೊದಲೇ ಕೊಟ್ಟ ನಮೂನೆಯ ಖಾನೆಗಳನ್ನು ತುಂಬುತ್ತದೆ. ತುಂಬಿದ ನಮೂನೆ ಅಭ್ಯರ್ಥಿಯ ಹೆಸರಿನ ಕಡತಕ್ಕೆ ಹೋಗಿ ಸೇರುತ್ತದೆ. ಒಂದೊಂದು ಹಂತದಲ್ಲೂ ಏನಾದರೂ ಸೋರುತ್ತದೆ. ಇಂಗ್ಲಿಷಿಗೆ ಇರುವಷ್ಟು ಧ್ವನಿಮುದ್ರಿತ ಸಾಮಗ್ರಿ ಕನ್ನಡಕ್ಕಿಲ್ಲ, ನಮ್ಮ ಗಡಿಯ ಕನ್ನಡಕ್ಕಂತೂ ಹೇಳುವುದೇ ಬೇಡ. ಸೋರುವುದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಸೇರುವುದೂ ಉಂಟು. ವಿಸ್ಪರ್ ಎಂಬ ಹೆಸರಾಂತ ಧ್ವನಿ-ಲಿಪಿ ತಂತ್ರಾಂಶವನ್ನು ಪರೀಕ್ಷಿಸಿದ ಅಮೆರಿಕದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರು ಪರಿಶೀಲಿಸಿದ ತುಣುಕುಗಳಲ್ಲಿ ಸುಮಾರು 1 ಪ್ರತಿಶತದಲ್ಲಿ ಯಾರೂ ಆಡದ ವಾಕ್ಯಗಳು ಹುಟ್ಟಿಕೊಂಡಿದ್ದವು. ಮಾತಿನ ನಡುವೆ ಹೆಚ್ಚು ಮೌನವಿದ್ದವರಲ್ಲಿ ಇದು ಅಧಿಕವಾಗಿತ್ತು. ಮೌನವನ್ನು ಖಾಲಿ ಜಾಗವೆಂದು ತಿಳಿಯುವ ಯಂತ್ರಕ್ಕೆ ನಮ್ಮ ಅಪ್ಪನಂಥವರ ಮಾತು ಹೇಗೆ ಕೇಳಿಸೀತು?

ಯಂತ್ರವನ್ನು ದೂಷಿಸಿ ಕೈತೊಳೆದುಕೊಳ್ಳುವ ಇಚ್ಛೆ ನನಗಿಲ್ಲ. ದಿನಕ್ಕೆ ಹಲವು ಜನರೊಡನೆ ಮಾತಾಡುವ ರಿಕ್ರೂಟರ್ ಕಾಗದದ ಮೇಲೆ ಬಾಗಿ ಕುಳಿತಿದ್ದರೆ ನಮ್ಮ ಹುಡುಗಿಯ ಮುಖವನ್ನು ನೋಡುತ್ತಲೇ ಇರಲಿಲ್ಲ. ನಾನು ಕುಳಿತ ಎಷ್ಟೋ ಆಯ್ಕೆ ಸಮಿತಿಗಳಲ್ಲಿ ಬರೆದುಕೊಳ್ಳುವವರು ಚಹಾ ಬಂದಾಗ ಬರೆಯುವುದನ್ನೇ ನಿಲ್ಲಿಸುತ್ತಿದ್ದರು. ಸಭೆಯ ವರದಿಗೆ ನಾವು ನಡಾವಳಿ ಎನ್ನುತ್ತೇವೆ. ಮರಾಠಿಯಲ್ಲಿ ಅದು ‘ಇತಿವೃತ್ತ’. ಕಾವ್ಯಮೀಮಾಂಸೆ ಓದುವವರಿಗೆ ಈ ಪದ ಕಂಡಾಗ ನಗು ಬರಬೇಕು. ಭರತನು ನಾಟ್ಯದ ಶರೀರವೆಂದು ಕರೆದ ಕಥಾವಸ್ತುವಿನ ಹೆಸರೂ ಅದೇ. ಸಭೆಯಲ್ಲಿ ನಡೆದದ್ದಕ್ಕೂ ಬರೆದವನು ಕಟ್ಟಿದ್ದಕ್ಕೂ ಮರಾಠಿ ಒಂದೇ ಪದವನ್ನು ಇಟ್ಟುಕೊಂಡಿದೆ.

ದೂರ ಹೋಗುವುದೇಕೆ, ನಮ್ಮ ಸೊನ್ನಲಿಗೆಯ ಸಿದ್ಧರಾಮನ ಪ್ರಸಂಗವನ್ನೇ ನೋಡಿ. ಹನ್ನೆರಡನೆಯ ಶತಮಾನದ ಶರಣರ ಸಂವಾದವನ್ನು ಶಿವಗಣಪ್ರಸಾದಿ ಮಹಾದೇವಯ್ಯ ಶೂನ್ಯಸಂಪಾದನೆಯಾಗಿ ಜೋಡಿಸಿದ್ದು ಹದಿನೈದನೆಯ ಶತಮಾನದಲ್ಲಿ. ಆಮೇಲೆ ಇನ್ನೂ ಮೂವರು ಅದನ್ನು ಮತ್ತೆ ಸಂಪಾದಿಸಿದರು. ಅಲ್ಲಮನು ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಕಂಡು ಕೆಣಕಿದ್ದು ಎಲ್ಲರಲ್ಲೂ ಇದೆ. ಆದರೆ ಸಿದ್ಧರಾಮನಿಗೆ ದೀಕ್ಷೆಯಾದ ವಿಷಯಕ್ಕೆ ಬಂದಾಗ ನಾಲ್ವರೂ ಒಂದೇ ಮಾತನ್ನು ಹೇಳುವುದಿಲ್ಲ. ಆ ಭಿನ್ನತೆಯ ಕುರಿತು ವಿದ್ವಾಂಸರು ಬರೆದದ್ದನ್ನು ನೀವು ಪರೀಕ್ಷೆಗಾಗಿ ಓದುತ್ತೀರಿ. ಅಲ್ಲಿ ಸಂಪಾದಕನ ಹೆಸರಾದರೂ ಇದೆ, ಅವನ ಜೊತೆ ಜಗಳವಾಡಬಹುದು. ಹುಡುಗಿಯ ಸಾರಾಂಶದ ಕೆಳಗೆ ಯಾರ ಹೆಸರೂ ಇರಲಿಲ್ಲ.

ಹದಿನೈದು ದಿನ ಕಳೆಯುವ ಮೊದಲೇ, ಸೇರುವ ದಿನಾಂಕವನ್ನು ನಮೂದಿಸಿದ ನೇಮಕಪತ್ರ ಅವಳಿಗೆ ಬಂತು. ಅವಳು ಫೋನ್ ಮಾಡಿ, ಅಪ್ಪನನ್ನು ಬಿಟ್ಟು ಈಗ ಬರಲಾಗದೆಂದು ತಿಳಿಸಿದಳು. “ನೀವೇ ಒಪ್ಕೊಂಡಿದ್ರಲ್ಲ, ನೋಟ್ಸ್‌ನಲ್ಲಿದೆ. ಬೇರೆಯವರನ್ನ ನಾವು ಬೇಡ ಅಂದಾಯ್ತು” ಎಂದು ಆ ಕಡೆಯಿಂದ ಉತ್ತರ. ಕಡತದಲ್ಲಿ, ಒಪ್ಪಿ ಹಿಂದೆ ಸರಿದವಳೆಂದು ದಾಖಲಾಯಿತು. ಕೆಲಸ ಹೋದದ್ದಕ್ಕಿಂತ ಈ ಮಾತು ಅವಳನ್ನು ಹೆಚ್ಚು ನೋಯಿಸಿತು. “ಮಾತಿಗೆ ತಪ್ಪಿದಾಕಿ ಅಂತ ಬರದಾರ್ರಿ ಸರ್” ಎಂದು ಇದೇ ಕೋಣೆಯಲ್ಲಿ ಕುಳಿತು ಅತ್ತಳು. ಬಿಡವಾ ಎಂದವನು ನಾನು. ಎದುರಿಗೇ ಕುಳಿತಿದ್ದೆ.

ಅಂದು ಸಂಜೆ ಇಬ್ಬರೂ ಸೇರಿ ಒಂದು ಪತ್ರ ಬರೆದೆವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ತನ್ನ ಕುರಿತಾದ ತಪ್ಪು ಮಾಹಿತಿಯನ್ನು ತಿದ್ದಿಸಿಕೊಳ್ಳುವ ಹಕ್ಕಿನ ಮಾತಿದೆ. ಸಮ್ಮತಿ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಇರಬೇಕೆಂದೂ ಅದರಲ್ಲಿದೆ. ಆದರೆ ಪತ್ರದಲ್ಲಿ ಕಾಯ್ದೆಯನ್ನು ಹೆಸರಿಸುವುದು ಬೇಡವೆಂದು ಅವಳೇ ಹೇಳಿದಳು. ‘ಬರ್ತೀನ್ರಿ’ ಎಂದರೆ ನಮ್ಮ ಕಡೆ ಏನೆಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು, ಮುದ್ರಿಕೆಯ ಕೊನೆಯ ಭಾಗವನ್ನು ಒಮ್ಮೆ ಕೇಳಿರೆಂದು ಕೋರಿದಳು.

ಯಂತ್ರದ ಒಂದು ಗುಣವನ್ನು ಇಲ್ಲಿ ಒಪ್ಪಲೇಬೇಕು: ಅದು ಧ್ವನಿಯನ್ನು ಇಟ್ಟುಕೊಂಡಿತ್ತು. ನಮ್ಮಪ್ಪನ ‘ನೋಡೂಣ್ರಿ’ಯನ್ನು ಮತ್ತೆ ಕೇಳಿಸುವ ಉಪಾಯ ಆಗ ಇರಲಿಲ್ಲ. ಮರುದಿನ ರಿಕ್ರೂಟರ್ ತಾನೇ ಫೋನ್ ಮಾಡಿದಳು. ಕೇಳಿ ನಗು ಬಂತಂತೆ, ಆಮೇಲೆ ಬೇಸರವೂ ಆಯಿತಂತೆ. “ನಮ್ಮಜ್ಜಿನೂ ಹೀಗೇ ಹೇಳೋದು. ನಾನೇ ಕೇಳಿದ್ದೆ, ಆದ್ರೆ ವಾರ ಆದ್ಮೇಲೆ ನೋಟ್ಸ್‌ನಲ್ಲಿದ್ದದ್ದೇ ನೆನಪಾಯ್ತು” ಎಂದಳು. ಕಡತ ತಿದ್ದಲಾಯಿತು. ಕೆಲಸ ಅಷ್ಟರಲ್ಲಿ ಇನ್ನೊಬ್ಬರ ಪಾಲಾಗಿತ್ತು. ಮನೆಯಿಂದ ಮಾಡುವ ಕೆಲಸ ಬಂದರೆ ಕರೆಯುತ್ತೇನೆಂದಿದ್ದಾಳೆ. ಇನ್ನೂ ಕರೆ ಬಂದಿಲ್ಲ.

ಸಂಕ್ಷೇಪ ಲೇಖನದ ಪ್ರಶ್ನೆಯನ್ನು ನೀವು ಸುಲಭದ ಅಂಕವೆಂದು ಭಾವಿಸುತ್ತೀರಿ. ಕೊಟ್ಟ ಭಾಗವನ್ನು ಮೂರನೆಯ ಒಂದಕ್ಕೆ ಇಳಿಸಿದರೆ ಆಯಿತು ಎಂದು ನಾನೂ ಬಹುಕಾಲ ಹಾಗೆಯೇ ಕಲಿಸಿದೆ. ಈ ವರ್ಷ ತಿದ್ದುವಾಗ ‘ಬಹುಶಃ’, ‘ಎನ್ನುತ್ತಾರೆ’, ‘ನೋಡಬೇಕು’ ಎಂಬ ಪದಗಳನ್ನು ಹಾರಿಸಿದವರ ಅಂಕಗಳನ್ನು ಕಳೆದಿದ್ದೇನೆ. ಕೆಲವರು ಜಗಳಕ್ಕೆ ಬಂದಿದ್ದೀರಿ. ನಿಮಗೆ ಅಂದು ನಾನು ಕೊಡದ ಕಾರಣ ಇದು.

ಈಚೆಗೆ ನಮ್ಮ ಕೋಣೆಯಲ್ಲಿ ಸಂದರ್ಶನಕ್ಕೆ ಕುಳಿತ ಇನ್ನಿಬ್ಬರು ಮಕ್ಕಳು ಈ ಕಥೆ ಕೇಳಿದವರು. ಕೊನೆಯಲ್ಲಿ ಇಬ್ಬರೂ ಜಾಗರೂಕತೆಯಿಂದ ‘ಥ್ಯಾಂಕ್ಯೂ ಮೇಡಂ, ಬಾಯ್’ ಎಂದು ಕರೆ ಮುಗಿಸಿದರು. ಕೇಳಿ ನನಗೆ ಸಮಾಧಾನವೂ ಆಯಿತು, ಒಂದು ಬಗೆಯ ಕಸಿವಿಸಿಯೂ ಆಯಿತು. ಅದೇ ಸಂಜೆ ಆ ಹಳೆಯ ವಿದ್ಯಾರ್ಥಿನಿ ಬಂದಿದ್ದಳು. ಅವರಪ್ಪನ ಡಯಾಲಿಸಿಸ್‌ ದಿನ. ಆಸ್ಪತ್ರೆಯಲ್ಲಿ ಅವರನ್ನು ಮಲಗಿಸಿ, ಗ್ರಂಥಾಲಯದ ಎರಡು ಪುಸ್ತಕ ಮರಳಿಸಲು ಬಂದವಳು. ಚಹಾ ಕುಡಿದು, ಗಡಿಯಾರ ನೋಡಿ ಎದ್ದಳು.

“ಸರ್, ನಾ ಬರ್ತೀನ್ರಿ.”

“ಹೂಂ, ಬಾರವಾ” ಎಂದೆ.