ಎಲ್ಲರ ಹಿಂದೆ ಓಡುವ ಕಾರು

ಬಹರೇನ್ ಪುಟ್ಟ ದ್ವೀಪ ದೇಶ. ರಾಜಧಾನಿ ಮನಾಮಾದಿಂದ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಸಖೀರ್ ಎಂಬ ಮರಳುಗಾಡು. ಅದರ ನಡುವೆ 2004ರಲ್ಲಿ ಶುರುವಾದ ಫಾರ್ಮುಲಾ ಒನ್ ಟ್ರ್ಯಾಕ್ ಇದೆ. ಒಂದು ಸುತ್ತಿಗೆ 5.412 ಕಿಲೋಮೀಟರ್, 15 ತಿರುವು. ಮರಳು ಹಾರಿ ಬಂದು ಕಾರುಗಳು ಜಾರದಿರಲೆಂದು ಸುತ್ತಲಿನ ನೆಲಕ್ಕೆ ಅಂಟು ಸಿಂಪಡಿಸಿದ್ದರಂತೆ!

ಮನಾಮಾದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಮೊಮ್ಮಗ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದ. ಓಟ ನಡೆಯುವುದು ರಾತ್ರಿ, ಹಗಲಿನಂಥ ದೀಪಗಳ ಬೆಳಕಿನಲ್ಲಿ. ಕಿವಿಗೆ ಹತ್ತಿ ಇಟ್ಟುಕೊಂಡು ಕುಳಿತೆ. ಐದು ಕೆಂಪು ದೀಪಗಳು ಆರಿದ್ದೇ ತಡ, ಕಾರುಗಳು ಜೇನುಹಿಂಡಿನಂತೆ ನುಗ್ಗಿದವು. ಅವುಗಳ ಬೆನ್ನಿಗೇ ನಮ್ಮ ರಸ್ತೆಗಳಲ್ಲಿ ಕಾಣುವಂಥದೇ ಒಂದು ಕಾರು, ನೆತ್ತಿಯ ಮೇಲೆ ದೀಪ ಮಿನುಗಿಸುತ್ತಾ ಓಡಿತು.

"ಇದು ಯಾವುದೋ ಮಾರಾಯ?" ಎಂದೆ.

"ಡಾಕ್ಟರ ಕಾರು ಅಜ್ಜಾ. ಗೆಲ್ಲೋಕಲ್ಲ, ಹಿಂಬಾಲಿಸೋಕೆ."

ಆಂಬುಲೆನ್ಸ್ ಗಾಯಾಳುವನ್ನು ಆಸ್ಪತ್ರೆಗೆ ಒಯ್ಯುತ್ತದೆ. ಇದು ವೈದ್ಯರನ್ನೇ ಗಾಯಾಳುವಿನ ಬಳಿಗೆ ಒಯ್ಯುತ್ತದೆ. ಓಡಿಸುವವರೂ ರೇಸಿನಲ್ಲಿ ಪಳಗಿದವರೇ. ಮೊದಲ ಸುತ್ತಿನಲ್ಲಿ ಕಾರುಗಳೆಲ್ಲ ಒತ್ತೊತ್ತಾಗಿರುತ್ತವೆ, ಟೈರು ಬ್ರೇಕುಗಳು ಇನ್ನೂ ಪೂರ್ತಿ ಬಿಸಿಯಾಗಿರುವುದಿಲ್ಲ. ಅಪಾಯ ಹೆಚ್ಚು. ಅದಕ್ಕೇ ಆ ಒಂದು ಸುತ್ತು ಬೆನ್ನು ಬಿಡದೆ ಓಡಿ, ಆಮೇಲೆ ಪಕ್ಕದಲ್ಲಿ ಸಿದ್ಧವಾಗಿ ಕಾಯುತ್ತದೆ.

ಈ ಪದ್ಧತಿ ಹುಟ್ಟಿದ್ದು ಒಂದು ಸಾವಿನಿಂದ. 1978ರ ಸೆಪ್ಟೆಂಬರ್ 10ರಂದು ಇಟಲಿಯ ಮೊಂಜಾದಲ್ಲಿ ಓಟ ಶುರುವಾದೊಡನೆ ಕಾರುಗಳು ಡಿಕ್ಕಿಯಾದವು. ಸ್ವೀಡನ್ನಿನ ರೋನಿ ಪೀಟರ್ಸನ್ ಕಾಲುಗಳು ಮುರಿದವು. ಮಿದುಳಿನ ಶಸ್ತ್ರಚಿಕಿತ್ಸಕ ಸಿಡ್ ವಾಟ್ಕಿನ್ಸ್ ಓಡಿ ಬಂದರೆ ಪೊಲೀಸರು ಅವರನ್ನೇ ತಡೆದರು! ಆಂಬುಲೆನ್ಸ್ ಬರಲು ಹತ್ತು ನಿಮಿಷಕ್ಕೂ ಹೆಚ್ಚಾಯಿತು. ಮರುದಿನ ಪೀಟರ್ಸನ್ ತೀರಿಕೊಂಡರು. ವಾಟ್ಕಿನ್ಸ್ ಹಟ ಹಿಡಿದರು. ಮುಂದಿನ ಓಟದಿಂದಲೇ ವೈದ್ಯರ ಕಾರು ಹಿಂದೆ ಓಡತೊಡಗಿತು.

ಮೊಮ್ಮಗ ಮೂರನೇ ತಿರುವಿನ ಕಡೆಗೆ ಕೈ ತೋರಿಸಿದ. 2020ರ ನವೆಂಬರ್ 29ರಂದು ಅದರಾಚೆ, ಮೊದಲ ಸುತ್ತಿನಲ್ಲೇ, ರೋಮೆಂ ಗ್ರೋಜಾನ್ ಅವರ ಕಾರು ಗಂಟೆಗೆ 192 ಕಿಲೋಮೀಟರ್ ವೇಗದಲ್ಲಿ ತಡೆಬೇಲಿಗೆ ಗುದ್ದಿತ್ತು. ಕಾರು ಎರಡು ತುಂಡು. ಮುಂಭಾಗ ಬೇಲಿಯಲ್ಲಿ ಸಿಕ್ಕಿಕೊಂಡು ಧಗಧಗ ಉರಿಯಿತು. ಸುಮಾರು 11 ಸೆಕೆಂಡಿನಲ್ಲಿ ವೈದ್ಯರ ಕಾರು ಅಲ್ಲಿತ್ತು. ಚಾಲಕ ಆಲನ್ ವ್ಯಾನ್ ಡರ್ ಮರ್ವ್ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಇಳಿದರು. ಡಾಕ್ಟರ್ ಇಯಾನ್ ರಾಬರ್ಟ್ಸ್ ಜ್ವಾಲೆಯ ಹತ್ತಿರಕ್ಕೇ ನುಗ್ಗಿದರು. ಅರ್ಧ ನಿಮಿಷದೊಳಗೆ ಗ್ರೋಜಾನ್ ತಾವೇ ಬೆಂಕಿಯಿಂದ ಎದ್ದು ಬಂದಾಗ, ಬೇಲಿ ದಾಟಿಸಿ ಹಿಡಿದುಕೊಂಡದ್ದು ರಾಬರ್ಟ್ಸ್ ಕೈಗಳೇ.

ನಾವು ಕಂಡ ಓಟದಲ್ಲಿ ಆ ಕಾರಿಗೆ ಕೆಲಸ ಬೀಳಲಿಲ್ಲ. ಯಾರು ಗೆದ್ದರೋ, ನನಗೆ ನೆನಪಿಲ್ಲ. ಗ್ರೋಜಾನ್ ಸಂಗತಿ ಮಾತ್ರ ಮನೆಗೆ ಬಂದ ಮೇಲೂ ಕೇಳಿ ತಿಳಿದುಕೊಂಡೆ. ಸುಟ್ಟದ್ದು ಮುಖ್ಯವಾಗಿ ಎರಡು ಕೈ. ಮೂರು ರಾತ್ರಿ ಆಸ್ಪತ್ರೆ. ಅದೇ ವಾರ ಬ್ಯಾಂಡೇಜು ಸುತ್ತಿದ ಕೈಗಳಲ್ಲೇ ಸಖೀರಿಗೆ ಬಂದು, ತಮ್ಮನ್ನು ಉಳಿಸಲು ಓಡಿಬಂದವರನ್ನು ಕಂಡು ಹೋದರು.